ಬಾವಿಗೆ ಬೀಳದ ಜಾಬೆಜ್ ಟಿಲ್ಟನ್

ಬೋಸ್ಟನ್ನಿಂದ ಎರಡು ದಿನದ ನಡಿಗೆಯಷ್ಟು ದೂರದ ನಮ್ಮ ಊರಿನಲ್ಲಿ ಜಾಬೆಜ್ ಟಿಲ್ಟನ್ ಮಾಡಿಕೊಟ್ಟ ಪೀಪಾಯಿ ಸೋರಿದ್ದನ್ನು ಯಾರೂ ಕಂಡವರಿಲ್ಲ. ಸೇಬಿನ ಮದ್ಯ ಎರಡು ಲೋಟ ದಾಟಿದವನಲ್ಲ. ಹೆಂಡತಿಯ ಮೇಲೆ ದನಿ ಏರಿಸಿದವನಲ್ಲ. ಅವನಿಗಿದ್ದದ್ದು ಒಂದೇ ಕೊರತೆ: ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥ ಪಾಪ ಒಂದೂ ಇರಲಿಲ್ಲ.

ನಮ್ಮಲ್ಲಿ ಚರ್ಚಿನ ಸಭೆಗೆ ಸೇರಬೇಕಾದರೆ, ದೇವರ ಕೃಪೆ ತನ್ನನ್ನು ಎಂದು, ಹೇಗೆ ಹಿಡಿದು ಅಲುಗಾಡಿಸಿತು ಎಂದು ಎಲ್ಲರೆದುರು ಎದ್ದು ಹೇಳಬೇಕು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರೂ ಸಭೆಗೆ ಸೇರದಿದ್ದರೆ ಮಗುವಿಗೆ ದೀಕ್ಷಾಸ್ನಾನವಿಲ್ಲ. ಜಾಬೆಜನ ಮೊದಲಿನ ಎರಡು ಮಕ್ಕಳು ಹಾಗೆಯೇ ಮಣ್ಣಾಗಿದ್ದವು. ಮೂರನೆಯದು, ಮೂರು ವಾರದ ಹೆಣ್ಣುಮಗು, ಆ ಚಳಿಗಾಲ ಕೆಮ್ಮತೊಡಗಿತ್ತು.

ಅವನ ಹೆಂಡತಿ ಟಮ್ಸಿನ್ ಗಂಡನನ್ನು ನನ್ನ ಮನೆಗೇ ಎಳೆದುಕೊಂಡು ಬಂದಳು. "ಅಣ್ಣ, ನೀವು ಹೇಳ್ದಾಗ ಇಡೀ ಸಭೆ ಅತ್ತಿತ್ತು. ಇವರಿಗೂ ಸ್ವಲ್ಪ ಹೇಳ್ಕೊಡಿ."

ಸಭೆಗೆ ಸೇರುವಾಗ ನಾನು ಹೇಳಿದ್ದು ನಮ್ಮ ಕಾಡಿನ ಓಕ್ ಮರಕ್ಕೆ ಸಿಡಿಲು ಬಡಿದು ನಾನು ಮಂಡಿಯೂರಿದ ಕಥೆ. ನಿಜವಾಗಿ ಮರವಿದ್ದದ್ದು ಇಂಗ್ಲೆಂಡಿನಲ್ಲಿ; ಮಂಡಿಯೂರಿದವನು ನನ್ನ ಸೋದರಮಾವ.

"ನನಗೇನೂ ಆಗೇ ಇಲ್ವಲ್ಲ," ಎಂದ ಜಾಬೆಜ್. "ಪೀಪಾಯಿಗೆ ಪಟ್ಟಿ ಹೊಡೀತಾ ಇರ್ತೀನಿ, ಅಷ್ಟೇ."

"ಬಾವಿಗೆ ಬಿದ್ದಿದ್ದೆ, ದೇವರು ಎತ್ತಿದ ಅನ್ನು."

"ಬಿದ್ದಿಲ್ವಲ್ಲಣ್ಣ."

"ತಳ್ಳೋಕೆ ನಾನಿದ್ದೀನಿ," ಎಂದಳು ಟಮ್ಸಿನ್.

ಭಾನುವಾರ ಬೆಳಿಗ್ಗೆ ಜಾಬೆಜ್ ಟೋಪಿ ಹಿಂಡುತ್ತಾ ಎದ್ದು ನಿಂತ. "ನಾನೊಂದ್ಸಲ ಬಾವಿಗೆ..." ಎಂದವನು ಅಲ್ಲಿಗೇ ನಿಂತ. ಹೆಂಗಸರ ಬೆಂಚಿನಲ್ಲಿ ಮಗು ಕೆಮ್ಮಿತು.

"ಇಲ್ಲ, ಬಿದ್ದಿಲ್ಲ. ಅಣ್ಣ ಹೇಳ್ಕೊಟ್ಟಿದ್ದು ಇದು. ಮಗೂಗೋಸ್ಕರ ದೇವರ ಮನೇಲೇ ಸುಳ್ಳು ಹೇಳೋಕೆ ಎದ್ದೆ. ನಾನು ಇಷ್ಟು ಕೆಟ್ಟೋನು ಅಂತ ಈ ಗಳಿಗೆವರೆಗೂ ನನಗೆ ಗೊತ್ತಿರ್ಲಿಲ್ಲ."

ಆಮೇಲೆ ನಿಂತಲ್ಲೇ ಅತ್ತ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಕಡೆ ತಿರುಗಿದೆ.

ಪಾದ್ರಿಗಳು, "ಎದ್ದು ನಿಂತೋರಿಂದ ನಾವು ಕೇಳೋದು ಇದನ್ನೇ ಅಲ್ವೇ?" ಎಂದರು. ಅವನನ್ನು ಸೇರಿಸಿಕೊಳ್ಳಲು ಒಪ್ಪಿ ಕೈಗಳು ಎದ್ದವು. ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ.

ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಬೋಗುಣಿಯ ನೀರಿನ ಮೇಲಿನ ಮಂಜುಗಡ್ಡೆ ಒಡೆದು ಮಗುವಿಗೆ ದೀಕ್ಷಾಸ್ನಾನ ಕೊಟ್ಟರು. ಅದು ಸೂರು ಹಾರುವಂತೆ ಕಿರುಚಿತು. ಟಮ್ಸಿನ್ ನಕ್ಕದ್ದನ್ನು ಅಂದೇ ಮೊದಲು ಕಂಡೆ.

ಹೊರಡುವಾಗ ಸಭೆಯ ಹಿರಿಯರಾದ ಹಸೆಲ್ಟೈನರು ಬಾಗಿಲಲ್ಲಿ ನನ್ನ ತೋಳು ಹಿಡಿದರು. "ಅಣ್ಣ, ನಿಮ್ಮ ಆ ಸಿಡಿಲು ಬಡಿದ ಮರ ಎಲ್ಲಿದೆ? ಒಂದ್ಸಲ ತೋರಿಸಿ."

ಜಾಬೆಜನ ಆ ಮಗಳಿಗೆ ಈಗ ಹನ್ನೊಂದು ವರ್ಷ. ಅಪ್ಪನ ಅಂಗಡಿಯಲ್ಲಿ ಹಲಗೆ ಜೋಡಿಸಿಕೊಡುತ್ತಾಳೆ. ಗುಡುಗಿದರೆ ಊರಿನವರೆಲ್ಲ ಮನೆಯೊಳಗೆ ಓಡುತ್ತಾರೆ; ನಾನೊಬ್ಬ ಮಾತ್ರ ಹೊರಗೆ ಬಂದು ಕಾಡಿನ ಓಕ್ ಮರಗಳ ಕಡೆ ಆಸೆಯಿಂದ ನೋಡುತ್ತೇನೆ.