ಮಾವನ ಫೋಟೋಗೆ ಬಿಳಿ ಹಾರ

ನಾನು ಕಪ್ಪುಬಿಳುಪು ಫೋಟೋ ತೆಗೆಯಲು ಶುರು ಮಾಡಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಟ್ಯೂಬ್‌ಲೈಟಿನ ದೆಸೆಯಿಂದ. ಪುಣೆಯ ಶಿವಾಜಿನಗರದಲ್ಲಿ ನನ್ನ ಸೋದರಮಾವನ ಹೋಟೆಲಿದೆ. ಗೋಡೆಗೆ ಗಿಳಿಹಸಿರು ಬಣ್ಣ, ಕುರ್ಚಿಗೆ ಕೆಂಪು ರೆಕ್ಸಿನ್, ತಲೆಯ ಮೇಲೆ ಆರು ಟ್ಯೂಬ್‌ಲೈಟು. ಅಲ್ಲಿ ಯಾರ ಫೋಟೋ ತೆಗೆದರೂ ಕಾಮಾಲೆ ರೋಗಿಯನ್ನು ಪಾಲಕ್ ಸೊಪ್ಪಿನ ಹೊಲದಲ್ಲಿ ಕೂರಿಸಿದ ಹಾಗೆ ಬರುತ್ತಿತ್ತು. ಕ್ಯಾಮೆರಾದ ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ಸುಸ್ತಾಗಿ ಒಂದು ದಿನ ಯಾವುದೋ ಗುಂಡಿಯನ್ನು ತಪ್ಪಿ ಒತ್ತಿದೆ. ಬಣ್ಣ ಮಾಯ! ಬೇಸಿನ್ ಹತ್ತಿರ ಹಲ್ಲಿಗೆ ಕಡ್ಡಿ ಹಾಕುತ್ತ ನಿಂತಿದ್ದ ಗಿರಾಕಿ ಲೋಕದ ದುಃಖವನ್ನೆಲ್ಲ ಹೆಗಲ ಮೇಲೆ ಹೊತ್ತ ತತ್ವಜ್ಞಾನಿಯ ಹಾಗೆ ಕಂಡರು. ಆ ಕ್ಷಣದಿಂದ ನಾನು ಕಲಾವಿದ. ಡಿಗ್ರಿಯಲ್ಲಿ ಎರಡು ವಿಷಯ ಬಾಕಿ ಇರುವುದು ನನಗೆ ಸಣ್ಣ ಸಂಗತಿಯಾಗಿಬಿಟ್ಟಿತು.

ಮಾವ ನನಗೆ ಕೊಟ್ಟ ಮೊದಲ ಕೆಲಸ ಮೆನು ಬೋರ್ಡಿಗೆ ತಿಂಡಿಗಳ ಫೋಟೋ ತೆಗೆಯುವುದು. ನಾನು ಎಲ್ಲವನ್ನೂ ಕಪ್ಪುಬಿಳುಪಿನಲ್ಲಿ ತೆಗೆದು, ದೊಡ್ಡದು ಮಾಡಿಸಿ ತಂದುಕೊಟ್ಟೆ. ಮಾವ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು.

"ಇದು ಎಂತದು ಮಾರಾಯ? ಸಿಮೆಂಟಾ?"

"ಶಿರಾ, ಮಾವ. ಅದರ ಟೆಕ್ಸ್ಚರ್ ನೋಡಿ."

"ಇದು?"

"ಟೊಮೆಟೊ ಆಮ್ಲೆಟ್."

"ಇದನ್ನು ನೋಡಿದವ ತಿಂಡಿ ಕೇಳುವುದಿಲ್ಲ, ಡಾಕ್ಟರನ್ನು ಕೇಳ್ತಾನೆ."

ಆದರೂ ನಾನು ಹಿಂದೆ ಸರಿಯಲಿಲ್ಲ. ನನ್ನ ವಾದಕ್ಕೆ ಸಾಕ್ಷಿ ಅದೇ ಹೋಟೆಲಿನಲ್ಲಿತ್ತು. ಗಲ್ಲಾದ ಮೇಲಿನ ಗೋಡೆಯಲ್ಲಿ ಗಣಪತಿ, ಲಕ್ಷ್ಮಿ, ಪಕ್ಕದಲ್ಲಿ ನನ್ನ ಅಜ್ಜ. ದೇವರುಗಳು ಬಣ್ಣದಲ್ಲಿ, ಅಜ್ಜ ಕಪ್ಪುಬಿಳುಪಿನಲ್ಲಿ. ಕುಂದಾಪುರದ ಕಡೆಯಿಂದ ಬಂದು ಈ ಹೋಟೆಲು ಶುರು ಮಾಡಿದ್ದು ಅವರೇ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಸೌಟು ಬೀಸಿ ಎಸೆಯುತ್ತಿದ್ದರಂತೆ. ಫೋಟೋದಲ್ಲಿ ನೋಡಿದರೆ ಮಾತ್ರ ದಪ್ಪದೊಂದು ಗ್ರಂಥ ಬರೆದು ಮುಗಿಸಿ ಆಗಷ್ಟೇ ಊಟಕ್ಕೆ ಎದ್ದವರ ಹಾಗಿದ್ದಾರೆ. ಗಣಪತಿಯನ್ನು ನೋಡಿ ಕೈಮುಗಿದು ಮುಂದೆ ಹೋಗುವವರು ಅಜ್ಜನ ಮುಖದ ಮೇಲೆ ಒಂದು ಗಳಿಗೆ ಕಣ್ಣು ನಿಲ್ಲಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬಣ್ಣ ಅಂದರೆ ಮದುವೆ ಮನೆಯ ಗದ್ದಲ. ಕಪ್ಪುಬಿಳುಪು ಅಂದರೆ ಎಲ್ಲರೂ ಎದ್ದು ಹೋದ ಮೇಲೆ ಜಮಖಾನೆಯ ಮೇಲೆ ಉಳಿದ ಇಬ್ಬರ ಮಾತು. ಇದನ್ನು ಮಾವನಿಗೆ ಹೇಳಿದೆ. ಅವರು ಆಕಳಿಸಿದರು.

ಕೊನೆಗೆ ನನ್ನ ಕಾಟ ತಡೆಯಲಾರದೆ, ಊರಿಗೆ ಮದುವೆಗೆಂದು ಹೊರಡುವ ಮೊದಲು ಒಂದು ಒಪ್ಪಂದಕ್ಕೆ ಬಂದರು.

"ಅಜ್ಜನ ಫೋಟೋದ ಆಚೆ ಗೋಡೆ ಖಾಲಿ ಉಂಟು. ಒಂದೇ ಒಂದು ಫೋಟೋ ಹಾಕು. ಶಿರಾ ಬೇಡ. ಸೋಮವಾರ ನಾನು ಬರುವಾಗ ನಾಲ್ಕು ಜನ ಅದರ ಎದುರು ನಿಂತು ನೋಡಿದ್ರೆ ಗೋಡೆ ಪೂರ್ತಿ ನಿನ್ನದು. ಯಾರೂ ನೋಡ್ಲಿಲ್ಲ ಅಂದ್ರೆ ಕ್ಯಾಮೆರಾ ಕಪಾಟಿನೊಳಗೆ, ನೀನು ಗಲ್ಲಾದಲ್ಲಿ. ಮತ್ತೆ ಬಾಯಿ ಬಿಡ್ಲಿಕ್ಕಿಲ್ಲ."

ಗುರುವಾರ ಸಂಜೆ ಮಾವ, ಅತ್ತೆ ಇಬ್ಬರನ್ನೂ ಕಾತ್ರಜದಲ್ಲಿ ಬಸ್ಸು ಹತ್ತಿಸಿ ಬಂದೆ. ಬಂದವನೇ ಫೋಟೋಗಳನ್ನು ಹರಡಿಕೊಂಡು ಕೂತೆ. ಪಾರಿವಾಳಗಳ ಫೋಟೋ ಇತ್ತು, ಆದರೆ ನಾನು ಗುಂಡಿ ಒತ್ತುವ ಹೊತ್ತಿಗೆ ಪಾರಿವಾಳಗಳೆಲ್ಲ ಹಾರಿಹೋಗಿ ಕಟ್ಟೆಯ ಮೇಲೆ ಅವು ಹಾಕಿಹೋದದ್ದು ಮಾತ್ರ ಬಂದಿತ್ತು. ಸ್ಟೇಷನ್ನಿನ ಜನಜಂಗುಳಿಯ ಫೋಟೋ ಇತ್ತು, ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ನನ್ನ ಹೆಬ್ಬೆರಳು. ಚೆನ್ನಾಗಿ ಬಂದದ್ದು ಒಂದೇ. ಹಿಂದಿನ ಭಾನುವಾರ ಮಾವ ಕಿಟಕಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದಾಗ ಅವರಿಗೆ ಗೊತ್ತಿಲ್ಲದೆ ತೆಗೆದದ್ದು. ಮಾವನ ತಲೆಗೂದಲು ಮೆಹಂದಿ ಹಚ್ಚಿ ಹಚ್ಚಿ ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ಎದುರಿಗೆ ನಿಂತವರ ಕಣ್ಣು ಕೂದಲಿಗೆ ಹೋಯಿತೆಂದರೆ ಮುಖಕ್ಕೆ ಇಳಿಯುವುದೇ ಇಲ್ಲ. ಈ ಫೋಟೋದಲ್ಲಿ ಕಿತ್ತಳೆ ಇಲ್ಲ. ಹಣೆಯ ಮೇಲೆ ಕಿಟಕಿಯ ಬೆಳಕು, ಕಣ್ಣ ಕೆಳಗೆ ನೆರಳು, ಅಷ್ಟೇ. ಇದನ್ನೇ ಹಾಕಿದರೆ ಮಾವ ಕರಗಿಹೋಗುತ್ತಾರೆ ಎಂದು ನನ್ನ ಲೆಕ್ಕ.

ಫ್ರೇಮಿನ ಅಂಗಡಿಯವನು ಒಂದು ಮಾತೂ ಕೇಳದೆ ಕಪ್ಪು ಕಟ್ಟು ಹಾಕಿಕೊಟ್ಟ. ಕೆಳಗೆ ತಾರೀಖು ಬರೆಯಬೇಕೇ ಎಂದು ಮೆತ್ತಗೆ ಕೇಳಿದ. ಕಲಾವಿದ ಅಂದ ಮೇಲೆ ತಾರೀಖು ಬೇಡವೇ? ಫೋಟೋ ತೆಗೆದ ದಿನದ ತಾರೀಖು ಕೊಟ್ಟೆ. ಅವನು ಚೆಂದದ ಅಕ್ಷರದಲ್ಲಿ ಬರೆದ. ಅಂದೇ ರಾತ್ರಿ ಅಜ್ಜನ ಪಕ್ಕ ಮೊಳೆ ಹೊಡೆದು ನೇತುಹಾಕಿದೆ.

ಶುಕ್ರವಾರ ಬೆಳಿಗ್ಗೆ ಹೂವು ಮಾರುವ ಮರಾಠಿ ಹೆಂಗಸು, ನಮ್ಮೆಲ್ಲರ ಮೌಶಿ, ಬಂದರು. ನಮ್ಮ ಹೋಟೆಲಿಗೆ ಪ್ರತಿ ಶುಕ್ರವಾರ ಮೂರು ಹಾರ, ದೇವರಿಗೆ ಎರಡು, ಅಜ್ಜನಿಗೆ ಒಂದು. ಮೌಶಿ ಹೊಸ ಫೋಟೋ ನೋಡಿ ಅಲ್ಲೇ ನಿಂತುಬಿಟ್ಟರು. ಬುಟ್ಟಿ ಕೆಳಗಿಟ್ಟು, "ಹ್ಯಾಂನಾ ಪಣ್ ಹಾರ್?" ಎಂದರು. ಇವರಿಗೂ ಹಾರವಾ ಎಂದು.

ಇಲ್ಲಿ ಬುದ್ಧಿ ಇದ್ದವನು ಬೇಡ ಅನ್ನುತ್ತಿದ್ದ. ನಾನು ಗೋಡೆ ನೋಡಿದೆ. ಮೂರು ಫೋಟೋಗಳಿಗೆ ಹಾರ, ನನ್ನದು ಮಾತ್ರ ಬೋಳು. ಮದುವೆಗೆ ಕರೆಯದೆ ಬಂದವನ ಹಾಗೆ ಕಾಣುತ್ತಿತ್ತು. ಹಾಕಿ ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಅವರು ಚೆಂಡುಹೂವಿನ ಹಾರ ಎತ್ತಿದಾಗ, "ಇದು ಬೇಡ, ಬಿಳಿ ಹೂವಿಂದು ಕೊಡಿ" ಎಂದು ಮರಾಠಿಯಲ್ಲಿ ಹೇಳಿದೆ. ಕಪ್ಪುಬಿಳುಪು ಫೋಟೋಗೆ ಕೇಸರಿ ಹೂವು ಹಾಕಿದರೆ ಟೋನ್ ಕೆಡುವುದಿಲ್ಲವೇ! ಮೌಶಿ ನನ್ನ ಮುಖವನ್ನೇ ನೋಡಿದರು. "ಅರೇ ದೇವಾ" ಎಂದು ಎರಡೂ ಕೆನ್ನೆ ಮುಟ್ಟಿಕೊಂಡರು. ಸುಗಂಧರಾಜದ ಹಾರ ತಂದು ತಾವೇ ಸ್ಟೂಲು ಹತ್ತಿ ಹಾಕಿ, ಗಾಜಿನ ಮೇಲೆ ಹಣೆಯ ಜಾಗದಲ್ಲಿ ಗಂಧದ ಬೊಟ್ಟು ಇಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋದರು. ಕಲೆ ಹೂವಿನವರನ್ನೂ ಮುಟ್ಟುತ್ತದಲ್ಲ ಎಂದು ನನ್ನ ಎದೆ ಉಬ್ಬಿತು. ಹಾರ ಸ್ವಲ್ಪ ಎಡಕ್ಕೆ ಜಾರಿತ್ತು. ಕಾಂಪೊಸಿಷನ್ ಸರಿಯಾಗಲೆಂದು ನಾನೇ ಬಲಕ್ಕೆ ಎಳೆದೆ.

ಮುಂದಿನ ಮೂರು ದಿನ ನನ್ನ ಬದುಕಿನ ಅತ್ಯಂತ ಯಶಸ್ವಿ ಪ್ರದರ್ಶನ ನಡೆಯಿತು. ನಾಲ್ಕು ಜನ ಎಲ್ಲಿ, ನಲವತ್ತು ಜನ ನಿಂತರು! ಬಾಗಿಲಲ್ಲಿ ಗಟ್ಟಿಯಾಗಿ ಮಾತಾಡುತ್ತ ಬಂದವರು ಫೋಟೋ ಕಂಡೊಡನೆ ದನಿ ತಗ್ಗಿಸುತ್ತಿದ್ದರು. ಕೋರ್ಟಿನ ವಕೀಲರೊಬ್ಬರು ಫೋನ್ ಕಟ್ ಮಾಡಿದರು. ವಕೀಲರನ್ನು ಸುಮ್ಮನಾಗಿಸಿದ ಫೋಟೋ ಪುಣೆಯಲ್ಲಿ ಇನ್ನೊಂದಿದ್ದರೆ ತೋರಿಸಿ. ಯಾರೂ ಬಾಯಿಬಿಟ್ಟು ಏನೂ ಕೇಳಲಿಲ್ಲ. ಅಂಥದ್ದನ್ನು ಕೇಳುವುದು ಅಪಶಕುನ ಎಂಬ ಮರ್ಯಾದೆ ಅವರಿಗೆ. ಮೌನವೇ ಕಲೆಗೆ ಸಿಗುವ ದೊಡ್ಡ ಮೆಚ್ಚುಗೆ ಎಂಬ ತಿಳಿವು ನನಗೆ.

ಖಡಕಿ ಬಡಾವಣೆಯಿಂದ ದಿನಾ ಬೆಳಿಗ್ಗೆ ಇಡ್ಲಿಗೆ ಬರುವ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ, ಧಾರವಾಡದ ಕಡೆಯವರು. ಮಾವನಿಗೂ ಅವರಿಗೂ ಚಟ್ನಿಯ ವಿಷಯದಲ್ಲಿ ವರ್ಷಗಳ ಜಗಳ. ಅವರು ಶನಿವಾರ ಫೋಟೋದ ಎದುರು ಬಹಳ ಹೊತ್ತು ನಿಂತು, ಗಲ್ಲಾದ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

"ಎಷ್ಟ್ ಶಾಂತ ಅದನೋ ತಮ್ಮಾ ಮಾರಿ."

ಇಷ್ಟು ಸೂಕ್ಷ್ಮ ರಸಿಕ ಸಿಕ್ಕಾಗ ಕಲಾವಿದ ಸುಮ್ಮನಿರುತ್ತಾನೆಯೇ? "ಬಣ್ಣ ಎಲ್ಲಾ ಹೋದ ಮೇಲೇನೆ ಸರ್, ನಿಜವಾದ ಮನುಷ್ಯ ಕಾಣೋದು. ಉಳಿಯೋದು ಬರೀ ಬೆಳಕು" ಎಂದೆ. ವಾರಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಸಾಲು ಅದು.

ಅವರು ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದರು. "ಸಣ್ಣ ವಯಸ್ಸಿನ್ಯಾಗ ಎಷ್ಟ್ ತಿಳಕೊಂಡೀಪಾ. ನಿನ್ನಿ ಮನಿಗೂ ಹೋಗಿದ್ದೆ, ಕೀಲಿ ಹಾಕಿತ್ತು. ಎಲ್ಲಾರೂ ಊರಿಗೆ ಹೋಗ್ಯಾರೇನು?"

"ಹೌದು ಸರ್. ಸೋಮವಾರ ಎಲ್ಲ ಮುಗಿಯುತ್ತೆ."

ಅವರು ಕಣ್ಣೊರೆಸಿಕೊಂಡು, ಇಡ್ಲಿ ತಿನ್ನದೆ ಹೋದರು. ನನ್ನ ಒಂದು ಫೋಟೋಗೆ ಇಡ್ಲಿ ಬಿಡಿಸುವ ಶಕ್ತಿ ಇದೆ ಎಂದು ಆವತ್ತು ಡೈರಿಯಲ್ಲಿ ಬರೆದುಕೊಂಡೆ.

ಸೋಮವಾರ ಬೆಳಿಗ್ಗೆ ಏಳು ಗಂಟೆ. ದಿನಾ ಬರುವ ಆರೇಳು ಜನ ಫೋಟೋದ ಎದುರು ಸಾಲಾಗಿ ನಿಂತು ತಲೆ ತಗ್ಗಿಸಿದ್ದರು. ಗುಮಾಸ್ತರು ಎಲ್ಲರಿಗೂ ಕಣ್ಣು ಮುಚ್ಚಲು ಸನ್ನೆ ಮಾಡಿದ್ದರು. ನಾನು ಗಲ್ಲಾದ ಹಿಂದೆ, ಈ ದೃಶ್ಯವನ್ನು ಮಾವ ಈಗಲೇ ಬಂದು ನೋಡಬಾರದೇ ಎಂದುಕೊಳ್ಳುತ್ತಿದ್ದೆ.

ಮಾವ ಬಂದರು. ತಲೆಗೆ ಮಂಕಿಕ್ಯಾಪ್, ಕೈಯಲ್ಲಿ ಬ್ಯಾಗು, ಕಂಕುಳಲ್ಲಿ ಹಲಸಿನ ಹಪ್ಪಳದ ಕಟ್ಟು. ಜನ ತಲೆ ಬಾಗಿಸಿ ನಿಂತದ್ದು ಕಂಡು ಅವರೂ ಮಂಕಿಕ್ಯಾಪ್ ತೆಗೆದು, ಸಾಲಿನ ಹಿಂದೆ ನಿಂತು ಕೈಮುಗಿದರು. ಮುಂದಿನವರ ಬೆನ್ನು ಅಡ್ಡ ಇದ್ದದ್ದರಿಂದ ಫೋಟೋ ಅವರಿಗೆ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದರು.

"ಯಾರು ಹೋದದ್ದು?"

ಗುಮಾಸ್ತರು ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟರು. "ಮಾಲಕರು ಹೋದ್ರಲ್ರೀ. ಭಾಳ ಚಲೋ ಮನಷ್ಯಾ. ಚಟ್ನಿ ಒಂದ್ ನೀರ್ ನೀರ್ ಇರತಿತ್ತು."

"ನನ್ನ ಚಟ್ನಿ ನೀರು ಅಂತ ಯಾರು ಹೇಳಿದ್ದು?"

ಗುಮಾಸ್ತರು ತಿರುಗಿದರು. "ಯಪ್ಪಾ!" ಎಂದು ಒಂದು ಹೆಜ್ಜೆ ಹಿಂದಕ್ಕೆ ಹಾರಿ ವಕೀಲರ ಕಾಲು ತುಳಿದರು. ವಕೀಲರ ಕೈಯಲ್ಲಿದ್ದ ನೀರಿನ ಲೋಟ ನೆಲಕ್ಕೆ ಬಿತ್ತು. ಆಮೇಲೆ ಏಳೂ ತಲೆಗಳು, ಮಾವನದು ಸೇರಿ ಎಂಟು, ಒಟ್ಟಿಗೆ ನನ್ನ ಕಡೆ ತಿರುಗಿದವು. ಮೂರು ದಿನದ ಮೌನ, ಕಣ್ಣೀರು, ಗಂಧದ ಬೊಟ್ಟು ಎಲ್ಲ ಆ ಒಂದೇ ಕ್ಷಣದಲ್ಲಿ ನನ್ನ ಮಂಡೆಯೊಳಗೆ ಇಳಿದವು. ಬಿದ್ದ ಪೆನ್ನು ಹುಡುಕುವವನ ಹಾಗೆ ನಾನು ಗಲ್ಲಾದ ಕೆಳಗೆ ಕೂತೆ.

ಮಾವ ಸ್ಟೂಲು ಎಳೆದುಕೊಂಡು ಹತ್ತಿದರು. "ಓಹೋ, ತಾರೀಖು ಬೇರೆ! ಈ ದಿನ ನಾನು ಎಂತ ಮಾಡ್ತಾ ಇದ್ದೆ?"

"ಚಹಾ ಕುಡೀತಾ ಇದ್ರಿ ಮಾವ," ನಾನು ಕೆಳಗಿನಿಂದಲೇ ಹೇಳಿದೆ.

"ಅಂದ್ರೆ ನಮ್ಮದೇ ಚಹಾ ಕುಡಿದು ಹೋದೆ ಅಂತ ಊರಿಗೆಲ್ಲ ಹೇಳಿದ್ದಿ. ಹೋಟೆಲಿಗೆ ಒಳ್ಳೆ ಹೆಸರು!"

ಹಾರ ತೆಗೆದರು. ಬೊಟ್ಟು ಒರೆಸಲು ಕೈ ಎತ್ತಿದವರು ಯಾಕೋ ಹಾಗೇ ನಿಂತರು. ತಮ್ಮ ಫೋಟೋ ನೋಡಿದರು, ಪಕ್ಕದ ಅಜ್ಜನ ಫೋಟೋ ನೋಡಿದರು. ಮತ್ತೆ ತಮ್ಮದು. ಇಳಿದು ಬೇಸಿನ್ ಮೇಲಿನ ಕನ್ನಡಿಗೆ ಹೋಗಿ ಕಿತ್ತಳೆ ಕೂದಲನ್ನು ಅಂಗೈಯಿಂದ ಮುಚ್ಚಿಕೊಂಡು ನೋಡಿದರು.

"ನನ್ನ ಮುಖ ಅಪ್ಪಯ್ಯನ ಹಾಗೇ ಉಂಟಲ್ಲ," ಎಂದರು. ದನಿ ಸಣ್ಣದಾಗಿತ್ತು. "ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ."

ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಸಪ್ಲಾಯರ್ ಅಣ್ಣ ಮೇಜು ಒರೆಸುತ್ತ ಹೇಳಿದ, "ಮೆಹಂದಿ ನಡುವೆ ಬಂದ್ರೆ ಯಾರಿಗೆ ಕಾಣ್ತದೆ ಧಣಿ."

ಇದೇ ಸಮಯ ಎಂದು ನಾನು ಗಲ್ಲಾದ ಮೇಲೆ ಕಣ್ಣು ಮಾತ್ರ ತೋರಿಸಿದೆ. "ಮಾವ, ನಾಲ್ಕು ಜನ ನಿಂತು ನೋಡಿದ್ರೆ ಗೋಡೆ ನನ್ನದು ಅಂದಿದ್ರಿ."

"ನಿಂತದ್ದು ನಿನ್ನ ಫೋಟೋಗಲ್ಲ ಮಾರಾಯ, ನನ್ನ ಸಾವಿಗೆ! ಕ್ಯಾಮೆರಾ ತಾ ಇಲ್ಲಿ."

ಕಪಾಟಿನ ಕೀಲಿ ಅವರ ಕೈಗೆ ಬಂದಾಗಿತ್ತು. ನಾನು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡೆ. ಆಗ ಗುಮಾಸ್ತರು ಕೆಮ್ಮಿದರು.

"ಮಾಲಕರ, ಒಂದ್ ಮಾತ್ರೀ. ಶುಕ್ರವಾರ ನಾ ದುಃಖಕ್ಕ ನಿಂತೆ, ಖರೆ. ಶನಿವಾರ ಮತ್ತ ಯಾಕ ನಿಂತೆ? ನಿಮ್ಮನ್ನ ದಿನಾ ನೋಡತೀನಿ. ಆದ್ರ ನಿಮ್ಮ ಕಣ್ಣಾಗ ಇಷ್ಟ್ ದಣಿವು ಅದ ಅಂತ ಅದರಾಗ ನೋಡಿದ್ ಮ್ಯಾಲೆ ಗೊತ್ತಾತು. ಇಂಥಾವ್ರ ಜೋಡಿ ಚಟ್ನಿ ಸಲುವಾಗಿ ಜಗಳಾಡಿದ್ನಲ್ಲಾ ಅನಸ್ತು. ಇಡ್ಲಿ ಗಂಟಲಾಗ ಇಳೀಲಿಲ್ಲ ನೋಡ್ರಿ."

ಮಾವ ತಲೆ ಎತ್ತಿ ಮತ್ತೆ ಫೋಟೋ ನೋಡಿದರು. ಗುಮಾಸ್ತರು ಅಷ್ಟಕ್ಕೇ ಬಿಡಲಿಲ್ಲ.

"ಇನ್ನೊಂದ್ ಹೇಳ್ತೀನಿ. ನಾ ಹೋದ್ರ ನನ್ನ ಮಗ ಆಧಾರ್ ಕಾರ್ಡಿನ ಫೋಟೋ ದೊಡ್ಡದ ಮಾಡಿಸಿ ಗ್ವಾಡಿಗೆ ಹಾಕ್ತಾನ. ಅದರಾಗ ನಾ ಪಾಕೀಟ ಕದ್ದವ್ನ ಗತೆ ಕಾಣತೀನ್ರಿ. ಈ ತಮ್ಮಗ ನಂದೂ ಹಿಂಗ ಒಂದ್ ತಗೀಲಿಕ್ಕೆ ಹೇಳ್ರಿ."

"ಮಾಝಾ ಪಣ್," ನಂದೂ ಇರಲಿ ಎಂದರು ವಕೀಲರು, ತುಳಿಸಿಕೊಂಡ ಕಾಲು ಉಜ್ಜಿಕೊಳ್ಳುತ್ತ.

ಮಾವ ಕೀಲಿಯನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿದರು. ಮತ್ತೆ ಸ್ಟೂಲು ಹತ್ತಿ ತಮ್ಮ ಫೋಟೋ ಇಳಿಸಿ, ಲುಂಗಿಯ ಅಂಚಿನಿಂದ ಗಾಜು ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟರು.

"ಇದು ಇಲ್ಲಿರಲಿ. ಸಮಯ ಬಂದಾಗ ಬೇರೆ ಹುಡುಕ್ಲಿಕ್ಕೆ ಹೋಗ್ಬೇಡ, ಇದನ್ನೇ ಹಾಕು. ತಾರೀಖು ಮಾತ್ರ ತಿದ್ದು." ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಗೋಡೆ ನಿನ್ನದು. ಮೂರು ಷರತ್ತು. ಜೀವ ಇರುವವರದ್ದು ಗೋಡೆಗೆ ಬೇಡ, ಮನೆಗೆ ಕೊಟ್ಟು ಕಳಿಸು. ಶಿರಾ ಬೇಡವೇ ಬೇಡ. ಮತ್ತೆ ಹೂವಿನವಳು ಏನು ಕೇಳಿದ್ರೂ ನೀನು ಮಾತಾಡ್ಬಾರ್ದು."

ಹೀಗೆ ಕಪಾಟಿಗೆ ಹೋದದ್ದು ಕ್ಯಾಮೆರಾ ಅಲ್ಲ, ಮಾವ. ಗೋಡೆಯ ಮೇಲೆ ಈಗ ಹಬೆಯಾಡುವ ಇಡ್ಲಿ ಪಾತ್ರೆಯಿದೆ, ಅಡುಗೆ ಭಟ್ಟರ ಕೈಯಿದೆ, ಹಾರಿಹೋದ ಪಾರಿವಾಳಗಳ ಖಾಲಿ ಕಟ್ಟೆಯಿದೆ. ಅದನ್ನು ಉದ್ದೇಶಪೂರ್ವಕವಾಗಿಯೇ ಹಾಗೆ ತೆಗೆದೆ ಎಂದು ಎಲ್ಲರಿಗೂ ಹೇಳುತ್ತೇನೆ. ಚಟ್ನಿ ಆ ಸೋಮವಾರದಿಂದ ಗಟ್ಟಿಯಾಗಿದೆ.

ಮುಂದಿನ ಭಾನುವಾರ ಗುಮಾಸ್ತರು ಫೋಟೋ ತೆಗೆಸಿಕೊಳ್ಳಲು ಬಂದರು. ಬಿಳಿ ಧೋತರ, ಬಿಳಿ ಅಂಗಿ, ಕರಿ ಕೋಟು, ಕರಿ ಟೋಪಿ. ಕಪ್ಪುಬಿಳುಪು ಅಂದಿದ್ದಕ್ಕೆ ಬೇರೆ ಯಾವ ಬಣ್ಣವನ್ನೂ ಮೈಮೇಲೆ ಇಟ್ಟುಕೊಳ್ಳದೆ ತಯಾರಾಗಿದ್ದರು. ಕಿಟಕಿಯ ಪಕ್ಕ ಕೂರಿಸಿ, ಚಹಾ ಕೊಟ್ಟು, ನಾನು ಎಲ್ಲೋ ನೋಡುವವನ ಹಾಗೆ ಕಾದೆ. ಅವರು ಮೊಣಕಾಲ ಮೇಲೆ ಕೈ ಊರಿ ಕಂಬದ ಹಾಗೆ ಕೂತಿದ್ದರು.

"ಸ್ವಲ್ಪ ಸಡಿಲ ಬಿಡಿ ಸರ್," ಎಂದೆ.

"ಅದ್ ಬಿಡೋ ತಮ್ಮಾ. ಹಾರ ಎಲ್ಲೀತನಕಾ ಬರತದ ನೋಡ್ಕೊಂಡು ತಗಿ," ಎಂದರು ತುಟಿ ಅಲ್ಲಾಡಿಸದೆ. "ಗದ್ದ ಮುಚ್ಚಬಾರದು."

ಗಲ್ಲಾದಲ್ಲಿ ಕೂತಿದ್ದ ಮಾವ ಗೊಳ್ಳೆಂದು ನಕ್ಕರು. ಗುಮಾಸ್ತರು ಅವರ ಕಡೆ ತಿರುಗಿ ಬೈಯಲು ಬಾಯಿ ತೆರೆದರು. ಗುಂಡಿ ಒತ್ತಿದೆ.