ಆಟಿಯಲ್ಲಿ ಚೈನೀಸ್ ಊಟ

ನನ್ನ ನಾದಿನಿ ಓದುವುದು ವಾರಪತ್ರಿಕೆಯ ಅಡುಗೆ ಪುಟವನ್ನು ಮಾತ್ರ, ಅದನ್ನೂ ತಪ್ಪು ಹುಡುಕಲಿಕ್ಕೆ. ಹಾಗಾಗಿ ಇದನ್ನು ಬರೆಯಲು ನನಗೆ ಭಯವಿಲ್ಲ. ಗಂಡ ಓದಿದರೆ ಓದಲಿ. ಅವರಿಗೆ ಅರ್ಧ ಗೊತ್ತಿದ್ದೀತು. ಉಳಿದರ್ಧವನ್ನು ಕೇಳುವ ಧೈರ್ಯ ಅವರಿಗೆ ಯಾವತ್ತೂ ಬರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಬೊಂಬಾಯಿಯಲ್ಲಿ. ಅಪ್ಪನದ್ದು ಅಲ್ಲಿ ಹೋಟೆಲು. ಬೆಳಿಗ್ಗೆ ಇಡ್ಲಿ ಬೇಯುವ ಅಡುಗೆಮನೆಯಲ್ಲೇ ಸಂಜೆ ನೂಡಲ್ಸ್ ಹುರಿಯುತ್ತಿದ್ದರು. ಅಲ್ಲಿಂದ ನನ್ನನ್ನು ತಂದು ಮಡಂತ್ಯಾರಿನ ಈ ಮನೆಗೆ ಕೊಟ್ಟರು. ಗಂಡನಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮನೆಯಲ್ಲಿ ಅತ್ತೆ, ಮತ್ತು ಮದುವೆಯಾಗದ ನಾದಿನಿ. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ಅಣ್ಣನ ಹೆಂಡತಿ ಎಂದು ನನ್ನನ್ನು ಅತ್ತಿಗೆ, ನೀವು ಎನ್ನುತ್ತಿದ್ದಳು. ನಾನು ಅವಳನ್ನು ನೀನು ಎನ್ನುತ್ತಿದ್ದೆ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ನನ್ನ ಮಗಳಿಗೆ ಎರಡು ವರ್ಷ. ಬೆಳ್ತಂಗಡಿಯ ಕಡೆಗೆ ಒಂದು ಹೈಸ್ಕೂಲಿನಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು. ಆ ಕೆಲಸವೊಂದೇ ಈ ಊರಿನಲ್ಲಿ ನನಗೆ ಉಸಿರಾಡಲು ಇದ್ದ ಕಿಟಕಿ. ಬೆಳಿಗ್ಗೆ ನಾನು ಸೀರೆ ಉಟ್ಟು ಬಸ್ಸಿಗೆ ಓಡುವಾಗ ಗಂಜಿ ಬಸಿದಾಗಿರುತ್ತಿತ್ತು, ಬುತ್ತಿ ಕಟ್ಟಿಯಾಗಿರುತ್ತಿತ್ತು, ಮಗಳ ಮೈಗೆ ಎಣ್ಣೆ ಹಚ್ಚುವ ಕೆಲಸ ನಡೆದಿರುತ್ತಿತ್ತು. ಎಲ್ಲವನ್ನೂ ಮಾಡುತ್ತಿದ್ದವಳು ನಾದಿನಿ. ಅತ್ತೆಗೆ ಮಂಡಿನೋವು, ಅವರಿಂದ ಮಗುವನ್ನು ಎತ್ತಲಿಕ್ಕಾಗದು. ನಾದಿನಿ ಮದುವೆಯಾಗಿ ಹೋದರೆ ಮರುದಿನವೇ ನಾನು ಕೆಲಸ ಬಿಡಬೇಕು. ಇದು ನನಗೆ ಗೊತ್ತಿತ್ತು. ಬೇರೆ ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ.

ಆ ವರ್ಷ ಬಂಟ್ವಾಳದ ಕಡೆಯ ಒಂದು ಸಂಬಂಧ ಬಂತು. ಹುಡುಗ ಶಾರ್ಜಾದಲ್ಲಿ ಯಾವುದೋ ಗೋದಾಮಿನಲ್ಲಿ ಸೂಪರ್‌ವೈಸರ್. ಹುಡುಗ ಎಂದರೆ ಮೂವತ್ತೆಂಟು ವರ್ಷ, ಹಣೆ ನಡುತಲೆಯವರೆಗೆ ಹೋಗಿತ್ತು. ಅವನಿಗೆ ರಜೆ ಸಿಕ್ಕಿದ್ದು ಆಟಿಯಲ್ಲಿ. ನಮ್ಮಲ್ಲಿ ಆಟಿ, ಅಂದರೆ ಆಷಾಢದ ತಿಂಗಳಲ್ಲಿ ಹೆಣ್ಣು ನೋಡುವುದಿಲ್ಲ, ಶುಭದ ಮಾತನ್ನೇ ಎತ್ತುವುದಿಲ್ಲ. ಆದರೆ ಗಲ್ಫಿನ ಧಣಿಗಳಿಗೆ ಆಟಿ ಏನು ಗೊತ್ತು? ಅಲ್ಲಿ ಬಿಸಿಲು ಏರಿದಾಗ ಇವರಿಗೆ ರಜೆ. ಅದಕ್ಕೆ ಆ ಕಾಲದಲ್ಲಿ ನಮ್ಮವರು ಒಂದು ಉಪಾಯ ಕಂಡುಕೊಂಡಿದ್ದರು. ಎರಡೂ ಮನೆಯವರು ಒಂದೇ ದಿನ ಒಂದೇ ಹೋಟೆಲಿಗೆ ಊಟಕ್ಕೆ ಹೋಗುವುದು, ಅಕಸ್ಮಾತ್ ಸಿಕ್ಕಿದ ಹಾಗೆ ಒಂದೇ ಮೇಜಿಗೆ ಕೂರುವುದು. ಹೂವಿಲ್ಲ, ಕುಂಕುಮವಿಲ್ಲ, ಹುಡುಗಿ ಕಾಫಿ ತರುವುದಿಲ್ಲ. ಯಾಕೆ ಬಂದದ್ದು ಎಂದು ಯಾರೂ ಬಾಯಿಬಿಡುವಂತಿಲ್ಲ. ಒಪ್ಪಿಗೆಯಾದರೆ ಆಟಿ ಕಳೆದು ಸೋಣ ತಿಂಗಳು ಬಂದ ಮೇಲೆ ಗಂಡಿನ ಕಡೆಯವರು ಫೋನು ಮಾಡುತ್ತಾರೆ. ಫೋನು ಬರದಿದ್ದರೆ ಅಂಥದ್ದೊಂದು ಊಟವೇ ನಡೆದಿಲ್ಲ. ಹೆಣ್ಣಿನ ಕಡೆಯವರು ಏನಾಯಿತು ಎಂದು ಕೇಳಲಿಕ್ಕೂ ಇಲ್ಲ. ಕೇಳಿದರೆ ಆಟಿಯಲ್ಲಿ ಹೆಣ್ಣು ತೋರಿಸಿದ್ದನ್ನು ತಾವೇ ಒಪ್ಪಿಕೊಂಡ ಹಾಗಾಗುತ್ತದೆ.

ನಾದಿನಿಯನ್ನು ಅದಕ್ಕೆ ಮೊದಲು ಏಳು ಮಂದಿ ಮನೆಗೆ ಬಂದು ನೋಡಿ, ಅವಳು ಮಾಡಿದ ಗೋಳಿಬಜೆ ತಿಂದು, ಕೈತೊಳೆದು ಹೋಗಿದ್ದರು. ಒಬ್ಬನಿಗೆ ಬಣ್ಣ ಸಾಲದು, ಇನ್ನೊಬ್ಬನಿಗೆ ಎತ್ತರ ಜಾಸ್ತಿ. ಎಂಟನೆಯವನ ಸುದ್ದಿ ಬಂದ ದಿನ ಅವಳು ಅಡುಗೆಮನೆಯಲ್ಲಿ ಬಸಳೆ ಕೊಯ್ಯುತ್ತಾ ನನಗೆ ಹೇಳಿದಳು:

"ಇದೊಂದು ಆದರೆ ಆಯ್ತು ಅತ್ತಿಗೆ. ಆಗದಿದ್ರೆ ಇನ್ನು ನನ್ನನ್ನು ಯಾರ ಎದುರೂ ಕೂರಿಸ್ಬೇಡಿ. ಅಣ್ಣನಿಗೂ ಅಮ್ಮನಿಗೂ ಹೇಳಿದ್ದೇನೆ. ಇದೇ ಕೊನೆ."

ಇದೇ ಕೊನೆ ಎಂಬ ಮಾತು ನನ್ನ ಕಿವಿಗೆ ಎಷ್ಟು ಹಿತವಾಗಿ ಬಿತ್ತು ಎಂದು ಹೇಳಿದರೆ ನೀವು ನನ್ನನ್ನು ಶಪಿಸುತ್ತೀರಿ. ಶಪಿಸಿ. ಇದೊಂದನ್ನು ತಪ್ಪಿಸಿದರೆ ಸಾಕು ಎಂದು ಆ ಗಳಿಗೆಯಲ್ಲೇ ನನಗೆ ಹೊಳೆದಿತ್ತು.

ಊಟಕ್ಕೆ ಗೊತ್ತುಮಾಡಿದ್ದು ಮೂಡುಬಿದಿರೆಯ ಒಂದು ಹೊಸ ಹೋಟೆಲು. ನಮಗೂ ಅವರಿಗೂ ಅಲ್ಲಿ ಗುರುತಿನವರು ಕಡಿಮೆ, ಅದೇ ಅದರ ಯೋಗ್ಯತೆ. ನಾದಿನಿ ಅಲ್ಲಿಯವರೆಗೆ ಎಸಿ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಹಿಂದಿನ ದಿನ ನನ್ನ ಹತ್ತಿರ ಬಂದು ನಿಂತಳು.

"ಅಲ್ಲಿ ಎಂತೆಲ್ಲ ಮಾಡ್ಬೇಕು ಅತ್ತಿಗೆ? ನೀವಾದ್ರೆ ಬೊಂಬಾಯಿಯವರು. ನನಗೆ ಹೇಳಿಕೊಡಿ."

"ಹೆದರ್ಲಿಕ್ಕೆ ಎಂತ ಉಂಟು? ಚೈನೀಸ್ ಊಟದಲ್ಲಿ ಎಲ್ಲ ಪಾತ್ರೆ ಮೇಜಿನ ಮಧ್ಯಕ್ಕೆ ತಂದಿಡ್ತಾರೆ. ಹುಡುಗಿ ಎದ್ದು ನಿಂತು ಎಲ್ಲರಿಗೂ ಬಡಿಸ್ಬೇಕು. ನೀರೂ ಅವಳೇ ಕೊಡ್ಬೇಕು. ಎಲ್ಲರದ್ದೂ ಆದ ಮೇಲೆ ಕೂರ್ಬೇಕು. ಗಲ್ಫಿನವರು ನೋಡುವುದೇ ಅದನ್ನು."

ಅವಳಿಗೆ ಅನುಮಾನ ಬರಲಿಲ್ಲ. ಯಾಕೆ ಬರಬೇಕು? ಮನೆಯಲ್ಲಿ ಅವಳು ಹುಟ್ಟಿದಂದಿನಿಂದ ಕಂಡದ್ದೂ ಅದನ್ನೇ. ಗಂಡಸರಿಗೆ, ಹಿರಿಯರಿಗೆ, ನೆಂಟರಿಗೆ ಬಡಿಸಿ ಕೊನೆಗೆ ಹೆಂಗಸರು ಕೂರುವುದು. ಸಮಾಧಾನದಿಂದ, "ಅಷ್ಟೇ ಅಲ್ವಾ, ಅದು ನನಗೆ ಬರ್ತದೆ" ಎಂದಳು.

ಭಾನುವಾರ ಮಧ್ಯಾಹ್ನ ಮಗಳನ್ನೂ ಎತ್ತಿಕೊಂಡು ನಮ್ಮ ಓಮ್ನಿಯಲ್ಲಿ ಹೋದೆವು. ಹೋಟೆಲು ಮೊದಲ ಮಹಡಿಯಲ್ಲಿತ್ತು. ಗೋಡೆಗೆ ಕೆಂಪು ಬಣ್ಣ, ಛಾವಣಿಯಿಂದ ತೂಗುವ ಕೆಂಪು ಕಾಗದದ ಬುಟ್ಟಿದೀಪಗಳು. ಧಣಿ ಗಲ್ಫಿನಿಂದ ವಾಪಸು ಬಂದವನಂತೆ, ಅಲ್ಲಿ ಕಂಡದ್ದನ್ನೆಲ್ಲ ಒಂದೇ ಮೆನುವಿಗೆ ತುರುಕಿದ್ದ. ಚೈನೀಸ್, ಥಾಯ್, ತಂದೂರಿ, ಅವುಗಳ ಕೆಳಗೆ ಅವನದ್ದೇ ಆವಿಷ್ಕಾರಗಳು: ಕೋರಿರೊಟ್ಟಿ ಮಂಚೂರಿಯನ್, ಶೆಜ್ವಾನ್ ನೀರುದೋಸೆ, ನಮ್ಮ ಕಾಯಿಮಸಾಲೆಯ ಗಸಿಗೆ ಥಾಯ್ ಹೆಸರಿಟ್ಟ ಥಾಯ್ ಗಸಿ. ಅಡುಗೆಯವನು ನೇಪಾಳದವನು. ಅವನ ಮುಖ ಕಂಡು ಊರಿನವರೆಲ್ಲ ಚೀನಾದಿಂದ ತರಿಸಿದ್ದಾರೆ ಎಂದು ನಂಬಿದ್ದರು. ನಮ್ಮ ಅತ್ತೆಯೂ ನಂಬಿದರು.

ಗಂಡಿನ ಕಡೆಯಿಂದ ಬಂದವರು ಇಬ್ಬರೇ, ಹುಡುಗ ಮತ್ತು ಅವನ ಅಕ್ಕ. ಅಕ್ಕನ ಮೈಯಿಡೀ ದುಬೈ ಚಿನ್ನ. ಅಕಸ್ಮಾತ್ ಕಂಡವರಂತೆ ಕೈಮುಗಿದು, ಅಕಸ್ಮಾತ್ತಾಗಿ ಏಳು ಕುರ್ಚಿಯ ಮೇಜಿಗೇ ಕೂತೆವು. ಇಷ್ಟು ಅಕಸ್ಮಾತ್ತನ್ನು ಕಂಡು ವೈಟರನಿಗೂ ನಗು ಬಂದಿರಬೇಕು. ಅವನಿಗೆ ಆಟಿಯ ಭಾನುವಾರಗಳು ಅಭ್ಯಾಸವಾಗಿದ್ದವು. ಏನು ತರಿಸಬೇಕೆಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಜಾರುವ ನೂಡಲ್ಸು, ಚೆಲ್ಲುವ ಸೂಪು, ಅಂಟುವ ಮಂಚೂರಿಯನ್, ಥಾಯ್ ಗಸಿ, ಎಲ್ಲವನ್ನೂ ಹುಡುಕಿ ಹುಡುಕಿ ಹೇಳಿದೆ.

ಪಾತ್ರೆಗಳು ಬಂದವು. ವೈಟರ್ ಸೌಟಿಗೆ ಕೈ ಹಾಕುವ ಮೊದಲೇ ನಾದಿನಿ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೌಟು ಹಿಡಿದಳು. ಮೊದಲು ಅತ್ತೆಗೆ, ಆಮೇಲೆ ಹುಡುಗನ ಅಕ್ಕನಿಗೆ, ಆಮೇಲೆ ಹುಡುಗನಿಗೆ, ಅಣ್ಣನಿಗೆ, ನನಗೆ. ಮೇಜಿಗೆ ಸುತ್ತು ಬಂದು ಎಡಗಡೆಯಿಂದ ಬಡಿಸಿದಳು. ಚೆನ್ನಾಗಿಯೇ ಬಡಿಸಿದಳು, ಒಂದು ತೊಟ್ಟು ಚೆಲ್ಲಲಿಲ್ಲ. ವೈಟರ್ ಗೋಡೆಗೆ ಒರಗಿ ಕೈಕಟ್ಟಿ ನೋಡುತ್ತಾ ನಿಂತ.

"ನೀವು ಕೂತ್ಕೊಳ್ಳಿ ಮಾರಾಯ್ರೆ, ಬಡಿಸ್ಲಿಕ್ಕೆ ವೈಟರ್ ಇದ್ದಾರಲ್ಲ" ಎಂದಳು ಅಕ್ಕ.

ನಾದಿನಿ ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ, ಆಗಲಿ, ಬಡಿಸು ಎಂದೆ. ಅವಳು ನೀರಿನ ಜಗ್ಗು ಎತ್ತಿಕೊಂಡಳು.

ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಹೆಂಡತಿ ಮಕ್ಕಳ ಜೊತೆ ಕೂತಿದ್ದ ಒಬ್ಬ ಗಂಡಸು ಚಿಟಿಕೆ ಹೊಡೆದ. ತಲೆಯನ್ನೂ ಎತ್ತದೆ, "ಇಲ್ಲಿ ನೀರು ಇಡಮ್ಮ" ಎಂದ. ನಾದಿನಿ ಹೋದಳು. ನಾಲ್ಕು ಲೋಟಕ್ಕೂ ನೀರು ಹೊಯ್ದಳು. ಅವನ ಮಗು ಇನ್ನೂ ಬೇಕು ಎಂದಾಗ ಬಗ್ಗಿ ಮತ್ತೆ ಹೊಯ್ದಳು. ಬಾಯಾರಿದವರು ಕೇಳಿದರೆ ಇಲ್ಲ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಹಿಂತಿರುಗುವಾಗ ಅವನು, "ಹಾಗೇ ಒಂದು ಪ್ಲೇಟ್ ಈರುಳ್ಳಿ" ಎಂದ.

ಅಕ್ಕ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕುಲುಕಾಡಿದಳು. ನನ್ನ ಗಂಡ ತಟ್ಟೆಯೊಳಗೆ ತಲೆ ಹಾಕಿದರು. ನಾನು ಜೋರಾಗಿ ನಕ್ಕೆ. ತಡೆಯಲಾಗದೆ ಬಂದ ನಗುವಲ್ಲ ಅದು. ಎಲ್ಲರಿಗೂ ಕೇಳಿಸಲಿ, ಏನಾಯಿತೆಂದು ಅವಳಿಗೂ ತಿಳಿಯಲಿ ಎಂದೇ ನಕ್ಕದ್ದು. ಅವಳಿಗೆ ತಿಳಿಯಿತು. ಜಗ್ಗು ಹಿಡಿದ ಕೈ ಅಲ್ಲೇ ನಿಂತಿತು, ಕಿವಿಯ ತುದಿಯವರೆಗೆ ಮುಖ ಕಪ್ಪಿಟ್ಟಿತು. ಕೆಲಸ ಮುಗಿಯಿತು ಎಂದು ನಾನು ಮಂಚೂರಿಯನ್ ಬಾಯಿಗಿಟ್ಟುಕೊಂಡೆ.

ಆದರೆ ಹುಡುಗ ನಕ್ಕಿರಲಿಲ್ಲ. ಎದ್ದು ಅವಳ ಕೈಯಿಂದ ಜಗ್ಗು ತೆಗೆದುಕೊಂಡು ಮೇಜಿನ ಮೇಲಿಟ್ಟ. ಅವಳ ಕುರ್ಚಿ ಹಿಂದಕ್ಕೆ ಎಳೆದು, "ನೀವಿನ್ನೂ ಊಟ ಮಾಡ್ಲಿಲ್ಲ" ಎಂದ. ಅವಳ ತಟ್ಟೆಗೆ ಅನ್ನ ಹಾಕಿ, ಆ ಥಾಯ್ ಗಸಿ ಹೊಯ್ದ. ಅವಳು ತಲೆತಗ್ಗಿಸಿ ಎರಡು ತುತ್ತು ತಿಂದಳು.

"ಹೇಗುಂಟು?" ಎಂದು ಕೇಳಿದ.

ಅವಳು ಹೇಳಿದಳು: "ಮಸಾಲೆ ಸರಿ ಹುರಿಯಲಿಲ್ಲ. ಹಸಿ ವಾಸನೆ ಉಂಟು."

"ಹತ್ತು ವರ್ಷದಿಂದ ನಾನು ಹಸಿ ವಾಸನೆಯದ್ದೇ ತಿನ್ನುವುದು" ಎಂದು ಅವನು ನಕ್ಕ. ಅವಳೂ ನಕ್ಕಳು. ಮೂವತ್ತೊಂದು ವರ್ಷದ ಹೆಣ್ಣು ಹಾಗೆ ನಕ್ಕದ್ದನ್ನು ನಾನು ಆ ಮನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಹೊಟ್ಟೆಕಿಚ್ಚೋ ಭಯವೋ ಎಂದು ಈಗ ಯೋಚಿಸಿದರೆ, ಎರಡೂ.

ಆಟಿ ಕಳೆಯುವವರೆಗೆ ಮನೆಯಲ್ಲಿ ಯಾರೂ ಆ ಊಟದ ಮಾತು ಎತ್ತಲಿಲ್ಲ. ನಾದಿನಿ ಮಾತ್ರ ಕೆಲಸದ ನಡುವೆ ಫೋನಿನ ಕಡೆ ನೋಡುತ್ತಿದ್ದಳು. ಸೋಣ ಬಂದು ಮೂರನೆಯ ದಿನ, ಶನಿವಾರ, ನಾನು ಅರ್ಧ ದಿನದ ಶಾಲೆ ಮುಗಿಸಿ ಬಂದಿದ್ದೆ. ಅತ್ತೆ ಮಲಗಿದ್ದರು. ಫೋನು ಬಡಿಯಿತು. ಎತ್ತಿದೆ. ಹುಡುಗನ ಅಕ್ಕ.

"ತಮ್ಮನಿಗೆ ಒಪ್ಪಿಗೆ ಉಂಟು. ಅವನು ಬೇರೆ ಯಾರನ್ನೂ ನೋಡುವುದಿಲ್ಲ ಅಂತ ಕೂತಿದ್ದಾನೆ. ಮುಂದಿನ ರಜೆಗೆ ಮದುವೆ ಇಟ್ಟುಕೊಳ್ಳುವ. ಮತ್ತೆ ಅವತ್ತು ನನಗೆ ನಗು ಬಂದದ್ದಕ್ಕೆ ಬೇಸರ ಮಾಡ್ಬೇಡಿ ಅಂತ ಅವಳಿಗೆ ಹೇಳಿ."

ದಾರಿಯನ್ನು ಅವಳೇ ತೋರಿಸಿದಳು.

"ಹೇಗೆ ಹೇಳುವುದು ಅಂತ ನನಗೆ ಗೊತ್ತಾಗುವುದಿಲ್ಲ ಅಕ್ಕ" ಎಂದೆ. "ಅವಳಿಗೆ ಮನಸ್ಸಿಲ್ಲ. ಅವತ್ತು ನೀವು ನಕ್ಕದ್ದು ಅವಳಿಗೆ ತುಂಬ ಅವಮಾನ ಆಗಿದೆ. ಆ ಮನೆಯ ಹೆಸರೆತ್ತಬೇಡಿ ಅಂತಾಳೆ."

ಆ ಕಡೆಯಿಂದ ಅಕ್ಕ ಬೇಡಿಕೊಂಡಳು: "ಒಮ್ಮೆ ಅವಳಿಗೇ ಫೋನು ಕೊಡ್ತೀರಾ? ನಾನು ತಪ್ಪಾಯ್ತು ಅಂತ ಹೇಳ್ತೇನೆ."

"ಅವಳು ಮನೆಯಲ್ಲಿಲ್ಲ" ಎಂದೆ. ಬಚ್ಚಲುಮನೆಯಿಂದ ನನ್ನ ಮಗಳಿಗೆ ನೀರು ಹೊಯ್ಯುತ್ತಾ ಅವಳು ಹಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ಆ ಅಕ್ಕ ಮತ್ತೆ ಫೋನು ಮಾಡಲಿಲ್ಲ.

ಸೋಣದ ಎರಡು ವಾರ ಕಳೆಯಿತು. ಗಂಡ ಒಂದು ದಿನ, "ನಾನೇ ಒಮ್ಮೆ ಬಂಟ್ವಾಳಕ್ಕೆ ಹೋಗಿ ಕೇಳಿಕೊಂಡು ಬರ್ತೇನೆ" ಎಂದು ಅಂಗಿ ಹಾಕಿದರು. ನನ್ನನ್ನು ಉಳಿಸಿದವರು ಅತ್ತೆ.

"ಆಟಿಯಲ್ಲಿ ತೋರಿಸಿದ್ದಕ್ಕೆ ಉತ್ತರ ಕೇಳ್ಲಿಕ್ಕೆ ಹೋಗುವುದಾ? ನಾಳೆ ಊರಿಡೀ ಹೇಳ್ತಾರೆ. ಮರ್ಯಾದೆ ಬೇಡ್ವಾ ನಮಗೆ?"

ಗಂಡ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ತಂಗಿಯ ಬದುಕಿಗಿಂತ ಒಂದು ಮರ್ಯಾದೆ ದೊಡ್ಡದೆಂದು ನಂಬಿದ ಆ ತಾಯಿಮಗನ ಮೇಲೆ ನನಗೆ ಆಗ ಸಿಟ್ಟು ಬಂತು, ನಿಜಕ್ಕೂ ಬಂತು. ಇವರು ಸ್ವಲ್ಪ ಗಟ್ಟಿ ಮನುಷ್ಯರಾಗಿದ್ದರೆ ನಾನು ಅವತ್ತೇ ಸಿಕ್ಕಿಬೀಳುತ್ತಿದ್ದೆ. ಸಿಕ್ಕಿಬೀಳಲಿಲ್ಲ. ಮುಂದೆ ಹೆಡ್‌ಮಿಸ್ಟ್ರೆಸ್ ಆದೆ, ಸನ್ಮಾನದ ದಿನ ಎಲ್ಲರೂ ನನ್ನ ತ್ಯಾಗವನ್ನು ಹೊಗಳಿದರು.

ಸೋಣ ಮುಗಿಯುವ ದಿನ, ಮಧ್ಯಾಹ್ನ, ನಾದಿನಿ ನನ್ನ ಮಗಳನ್ನು ಕಾಲಿನ ಮೇಲೆ ಕೂರಿಸಿಕೊಂಡು ಉಣ್ಣಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಅತ್ತಿಗೆ, ಒಂದು ಕೇಳ್ತೇನೆ, ಸತ್ಯ ಹೇಳ್ಬೇಕು. ಆ ನೀರು ಕೊಟ್ಟದ್ದಕ್ಕೇ ಅಲ್ವಾ ಅವರು ಬೇಡ ಅಂದದ್ದು?"

ಈಗಲಾದರೂ ಹೇಳಿಬಿಡಬಹುದಿತ್ತು. ಹುಡುಗ ಇನ್ನೂ ಶಾರ್ಜಾಕ್ಕೆ ಹೋಗಿರಲಿಲ್ಲ.

"ಹೌದು" ಎಂದೆ.

ಅವಳು ಮಗುವಿನ ಬಾಯಿಗೆ ಇನ್ನೊಂದು ತುತ್ತು ಇಟ್ಟಳು. ಅದು ನುಂಗುವವರೆಗೆ ಕಾದಳು.

"ನೀವು ಸರಿಯಾಗಿಯೇ ಹೇಳಿಕೊಟ್ಟಿದ್ರಿ" ಎಂದಳು. "ನಮ್ಮ ಮೇಜಿಗೆ ಬಡಿಸು ಅಂತ ಮಾತ್ರ ಹೇಳಿದ್ದು ನೀವು. ಆಚೆ ಮೇಜಿಗೆ ಹೋದದ್ದು ನಾನೇ ಅಲ್ವಾ."