ಕಟ್ಟೆಯ ಮೇಲಿನ ಬಚ್ಚಲು

ನನ್ನ ಗಂಡ ಮನೆ ಕಟ್ಟುವ ಗೌಂಡಿ. ಗದಗ-ಬೆಟಗೇರಿಯಲ್ಲಿ ಇವರು ಕಲ್ಲಿಡದ ಓಣಿ ಕಡಿಮೆ. ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ ಮೇಲೆ ಬಚ್ಚಲಿಗೆ ಹೋಗುವುದೇ ಇವರಿಗೆ ದೊಡ್ಡ ಕಷ್ಟವಾಯಿತು. ನಮ್ಮ ಬಚ್ಚಲು, ಸಂಡಾಸು ಎರಡೂ ಹಿತ್ತಲಲ್ಲಿವೆ. ಕಡಿದಾದ ಮೆಟ್ಟಿಲು ಇಳಿಯಬೇಕು. ಒಮ್ಮೆ ಇವರನ್ನು ಹಿಡಿದುಕೊಂಡು ಇಳಿಯುವಾಗ ಇಬ್ಬರೂ ಕೂಡಿಯೇ ಬಿದ್ದೆವು. ಅವತ್ತೇ ನಿಶ್ಚಯಿಸಿದೆ: ಪಡಸಾಲೆಗೆ ಹೊಂದಿಕೊಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಒಂದು ಸಣ್ಣ ಬಚ್ಚಲು ಕಟ್ಟಿಸಬೇಕು.

ಇವರ ಜೊತೆ ದುಡಿದವರೇ ಬಂದು ಗೋಡೆ ಎಬ್ಬಿಸತೊಡಗಿದರು. ಇವರು ಕುರ್ಚಿಯಲ್ಲಿ ಕುಳಿತು ಎಡಗೈಯಿಂದ ಸನ್ನೆ ಮಾಡುತ್ತಿದ್ದರು. ಬಹಳ ದಿನಗಳ ಮೇಲೆ ಮುಖದಲ್ಲಿ ಕಳೆ ಬಂದಿತ್ತು. ಗೋಡೆ ಸೊಂಟದ ಮಟ್ಟಕ್ಕೆ ಬರುವಷ್ಟರಲ್ಲಿ ನಗರಸಭೆಯವರು ಬಂದು, ಪರವಾನಗಿ ಇಲ್ಲದೆ ಕಟ್ಟುವಂತಿಲ್ಲ ಎಂದು ಕೆಲಸ ನಿಲ್ಲಿಸಿದರು.

ಅರ್ಜಿ ಹಾಕಿದೆ. ಅದು ತಿರುಗಿ ಬಂತು. ಹೊಸ ನಕಾಶೆಯಲ್ಲಿ ನಮ್ಮ ಕಟ್ಟೆ ರಸ್ತೆಯಾಗಿತ್ತು! ನನ್ನ ಅತ್ತೆ ಸಾಯುವತನಕ ಶೇಂಗಾ ಸುಲಿಯುತ್ತ ಕುಳಿತಿರುತ್ತಿದ್ದ ಕಟ್ಟೆ ಅದು.

"ನಕಾಶಿ ತಿದ್ದೋದು ನಮ್ಮ ಕೆಲಸ ಅಲ್ರಿ ಅಕ್ಕಾರ, ಸರ್ವೆ ಆಫೀಸಿನ್ಯಾಗ ಕೇಳ್ರಿ," ಎಂದರು ನಗರಸಭೆಯ ಗುಮಾಸ್ತರು. ಸರ್ವೆಯವರು ನಗರಸಭೆಯಿಂದ ಪತ್ರ ತರಲು ಹೇಳಿದರು. ನಗರಸಭೆಯವರು, ಮೊದಲು ಸರ್ವೆಯವರ ಅಳತೆ ಆಗಲಿ, ಆಮೇಲೆ ಪತ್ರ ಎಂದರು. ಯಾರೂ ಗದರಿಸಲಿಲ್ಲ. ಕುಂಡ್ರಿ ಎಂದರು, ನೀರು ಕೊಟ್ಟರು. ಜಗಳವಾಡಲಿಕ್ಕಾದರೂ ಒಬ್ಬ ಕೆಟ್ಟವನು ಸಿಗಬಾರದೇ ಅನ್ನಿಸುತ್ತಿತ್ತು.

ಕೊನೆಗೆ ಇವರೇ ಹಟ ಹಿಡಿದರು. "ನನ್ನ ಕರಕೊಂಡು ನಡಿ. ನಾ ಮಾತಾಡ್ತೀನಿ." ಆ ಮಾತೇ ತೊದಲುತ್ತಿತ್ತು. ಆಟೋದಲ್ಲಿ ಕರೆದೊಯ್ದೆ. ನಗರಸಭೆಯ ಕಚೇರಿ ಮಹಡಿಯ ಮೇಲಿತ್ತು, ಇವರಿಗೆ ಹತ್ತಲಾಗಲಿಲ್ಲ. ನಾನು ಹೋಗಿ ಹೇಳಿದಾಗ ಪರವಾನಗಿ ಕೊಡುವ ಎಂಜಿನಿಯರು ತಾವೇ ಇಳಿದು ಬಂದರು. ಆಟೋದೊಳಗೆ ಬಗ್ಗಿ ನೋಡಿದವರು ದಂಗಾದರು.

"ಅಯ್ಯ ಮೇಸ್ತ್ರಿ! ನಮ್ಮಪ್ಪನ ಮನಿ ಕಟ್ಟಿದವ್ರು ನೀವ ಅಲ್ಲೇನ್ರಿ?"

ಇವರು ತಲೆಯಾಡಿಸಿದರು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಕೇಳಿದರು, "ಆ ಮನಿಗೆ... ಪರವಾನಗಿ... ಇತ್ತೇನ್ರಿ?"

"ಆಗ ಯಾರ್ ಕೇಳ್ತಿದ್ರು ಬಿಡ್ರಿ." ಎಂಜಿನಿಯರು ನಗಲು ಹೋಗಿ ತಡೆದುಕೊಂಡರು. "ಈಗ ಎಲ್ಲಾ ಕಂಪ್ಯೂಟರಿನ್ಯಾಗ ಐತ್ರಿ. ರಸ್ತೆ ಅಂತ ತೋರಿಸಿದ ಜಾಗಕ್ಕ ಪರವಾನಗಿ ಕೊಡಾಕ ಹೋದ್ರ ಅದು ತಗೊಳ್ಳಂಗಿಲ್ರಿ. ನನ್ನ ಕೈಯಾಗ ಇದ್ದಿದ್ರ..." ಎನ್ನುತ್ತ ಇವರ ಬಲಗೈ ಹಿಡಿದುಕೊಂಡರು. ಹಿಡಿದದ್ದು ಇವರಿಗೆ ತಿಳಿಯಲೇ ಇಲ್ಲ.

ಮನೆ ಮುಟ್ಟಿದ ಮೇಲೆ ಇವರು ಅರ್ಧ ಗೋಡೆಯನ್ನು ನೋಡಿ, "ಕೆಡವಸು," ಎಂದರು. ನನಗೆ ಇನ್ನೂ ಮನಸ್ಸಾಗಿಲ್ಲ. ಅಳತೆಯವರೂ ಬಂದಿಲ್ಲ.

ಈಗ ಪಡಸಾಲೆಯಲ್ಲೇ ಬಾಗಿಲು ಹಾಕಿ, ಅಗಲವಾದ ಟಬ್ಬಿನಲ್ಲಿ ಕೂಡಿಸಿ ಮೈ ತೊಳೆಯುತ್ತೇನೆ. ಓಣಿಯಲ್ಲಿ ಯಾರದಾದರೂ ದನಿ ಕೇಳಿದರೆ ಇವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅವರು ದಾಟಿ ಹೋಗುವತನಕ ನಾನು ನೀರು ಹಾಕುವುದಿಲ್ಲ.